ಹೊಸದಾಗಿ ಬಂದ ಅಫೆನ್ಸಿವ್ ಲೈನ್‌ಮನ್‌ನನ್ನು ಅಳೆಯುವುದು ಹೇಗೆ

ಮಾರ್ಚ್ ಮಧ್ಯದಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಹೊಸ ಲೀಗ್ ವರ್ಷ ಶುರುವಾಗುತ್ತಿದ್ದಂತೆ ಫ್ರೀ ಏಜೆನ್ಸಿಯ (ಒಪ್ಪಂದ ಮುಗಿದ ಆಟಗಾರರು ಹೊಸ ತಂಡ ಸೇರುವ) ಸುದ್ದಿ ಒಂದರ ಮೇಲೊಂದು ಬರುತ್ತವೆ. ಪಾಸ್ ಹಿಡಿಯುವ ರಿಸೀವರ್ ಬಂದರೆ ಕಳೆದ ವರ್ಷದ ಯಾರ್ಡು, ಟಚ್‌ಡೌನು ನೋಡಿ ಒಂದು ಅಂದಾಜಿಗೆ ಬರಬಹುದು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಕಾವಲಾಗಿ, ಓಟಕ್ಕೆ ದಾರಿ ಮಾಡಲು ಮುಂದಿನ ಸಾಲಿನಲ್ಲಿ ನಿಲ್ಲುವ ಅಫೆನ್ಸಿವ್ ಲೈನ್‌ಮನ್ ಬಂದರೆ ಕೈಗೆ ಸಿಗುವುದು ಎತ್ತರ, ತೂಕ, ಸಂಬಳ ಇಷ್ಟೇ. ಹಾಗಾಗಿ ಅಭಿಮಾನಿಗಳಲ್ಲಿ ಅರ್ಧ ಜನ ಸಂಬಳ ನೋಡಿ ಹೊಗಳುತ್ತಾರೆ, ಉಳಿದರ್ಧ ಜನ ಅವನು ಬಿಟ್ಟುಕೊಟ್ಟ ಸ್ಯಾಕ್‌ಗಳ (ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಎದುರಾಳಿ ಕೆಡವುವುದು) ಲೆಕ್ಕ ಹಿಡಿದು ತೆಗಳುತ್ತಾರೆ. ಎರಡೂ ಅವಸರದ ತೀರ್ಪು.

ಹಳೆಯ ತಂಡ ಅವನಿಂದ ಯಾವ ಕೆಲಸ ಮಾಡಿಸಿಕೊಳ್ಳುತ್ತಿತ್ತು, ಹೊಸ ತಂಡ ಯಾವ ಕೆಲಸಕ್ಕೆ ಕರೆಸಿಕೊಂಡಿದೆ, ಇವೆರಡರ ನಡುವೆ ಎಷ್ಟು ದೂರವಿದೆ? ಲೈನ್‌ಮನ್‌ನ ಅಳತೆ ಇಲ್ಲಿಂದಲೇ ಶುರುವಾಗಬೇಕು. ನಡುವೆ ಸೆಂಟರ್, ಅವನ ಎರಡೂ ಪಕ್ಕ ಗಾರ್ಡ್‌ಗಳು, ಅಂಚಿನಲ್ಲಿ ಟ್ಯಾಕಲ್‌ಗಳು, ಹೀಗೆ ಐದು ಜನ ಭುಜಕ್ಕೆ ಭುಜ ಕೊಟ್ಟು ಮಾಡುವ ಕೆಲಸದಲ್ಲಿ ಒಬ್ಬನನ್ನು ಬೇರೆ ತೆಗೆದು ತೂಗಿದರೆ ಲೆಕ್ಕ ತಪ್ಪುತ್ತದೆ.

ಮೊದಲು ಕಾಗದ, ಆಮೇಲೆ ಟೇಪ್

ಒಪ್ಪಂದದಲ್ಲಿ ಒಟ್ಟು ಮೊತ್ತವನ್ನು ಪಕ್ಕಕ್ಕಿಟ್ಟು ಗ್ಯಾರಂಟಿ ಹಣ ಎಷ್ಟು, ಅದು ಎಷ್ಟು ವರ್ಷಕ್ಕೆ ಹರಡಿದೆ ಎಂದು ನೋಡಿ. ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಮೂರು ವರ್ಷಕ್ಕೆ 4.5 ಕೋಟಿ ಡಾಲರ್, ಅದರಲ್ಲಿ 1.5 ಕೋಟಿ ಸೈನಿಂಗ್ ಬೋನಸ್. ಮೊದಲ ಎರಡು ವರ್ಷದ ಸಂಬಳ ಗ್ಯಾರಂಟಿ. ಬೋನಸ್ ಒಮ್ಮೆಗೇ ಕೈಗೆ ಬಂದರೂ ಸ್ಯಾಲರಿ ಕ್ಯಾಪ್ (ತಂಡದ ಸಂಬಳದ ಮಿತಿ) ಲೆಕ್ಕದಲ್ಲಿ ವರ್ಷಕ್ಕೆ 50 ಲಕ್ಷದಂತೆ ಹಂಚಿಹೋಗುತ್ತದೆ (ಹೀಗೆ ಗರಿಷ್ಠ ಐದು ವರ್ಷದವರೆಗೆ ಹಂಚಬಹುದು). ಒಂದು ವರ್ಷಕ್ಕೇ ಕೈಬಿಟ್ಟರೆ ಉಳಿದ ಬೋನಸ್ ಒಂದು ಕೋಟಿ, ಜೊತೆಗೆ ಎರಡನೇ ವರ್ಷದ ಸಂಬಳ ತಂಡದ ತಲೆಗೇ ಬರುತ್ತದೆ. ಎರಡು ವರ್ಷ ಕಳೆದು ಬಿಟ್ಟರೆ 50 ಲಕ್ಷದಲ್ಲಿ ಮುಗಿಯಿತು. ಅಂದರೆ ಹೆಸರಿಗೆ ಮೂರು ವರ್ಷದ ಒಪ್ಪಂದ, ವ್ಯವಹಾರದಲ್ಲಿ ಎರಡು ವರ್ಷದ್ದು. ಕೊನೆಯಲ್ಲಿ ‘ವಾಯ್ಡ್ ಇಯರ್’ ಸೇರಿಸಿದ್ದರೆ ಅವು ಆಡುವ ವರ್ಷಗಳಲ್ಲ, ಬೋನಸ್ಸನ್ನು ತೆಳುವಾಗಿ ಹರಡಲು ಹಾಕಿದ ಖಾಲಿ ವರ್ಷಗಳು, ಅವನ್ನು ಎಣಿಸಬೇಡಿ.

ಹಣ ಹೆಚ್ಚು ಕೊಟ್ಟರು ಎಂದ ಮಾತ್ರಕ್ಕೆ ಜಾಗ ಗಟ್ಟಿ ಎಂದೂ ಅಲ್ಲ. 2024ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ ಡೆಟ್ರಾಯಿಟ್‌ನ ಗಾರ್ಡ್ ಜೋನಾ ಜಾಕ್ಸನ್‌ಗೆ ಮೂರು ವರ್ಷಕ್ಕೆ 5.1 ಕೋಟಿ ಡಾಲರ್ ಒಪ್ಪಿಕೊಂಡಿತು. ಭುಜದ ಗಾಯ ಕಾಡಿತು, ನಡುವೆ ಸೆಂಟರ್ ಜಾಗಕ್ಕೆ ಹಾಕಿ ನೋಡಿದರು, ಅದೂ ಕೂಡಲಿಲ್ಲ. ಮರುವರ್ಷವೇ ಅವನು ಟ್ರೇಡ್‌ನಲ್ಲಿ ಚಿಕಾಗೋ ಬೇರ್ಸ್ ಪಾಲಾದ. ಗಾಯ, ಜಾಗ ಬದಲು: ಲೈನ್‌ಮನ್ ಒಪ್ಪಂದಗಳು ಕೆಡುವುದು ಬಹುಪಾಲು ಈ ಎರಡರಿಂದಲೇ.

ಗಾಯದ ಮಾಹಿತಿ ತೆಗೆಯುವಾಗ ಒಂದು ಎಚ್ಚರ. ‘16 ಪಂದ್ಯ ಆಡಿದ್ದಾನೆ’ ಎಂಬ ಸಾಲನ್ನು ನಂಬಬೇಡಿ. ಫೀಲ್ಡ್ ಗೋಲ್ ಒದೆಯುವಾಗ ಸಾಲಿನಲ್ಲಿ ನಿಂತರೂ ಪಂದ್ಯ ಆಡಿದ ಲೆಕ್ಕವೇ. ಅಫೆನ್ಸ್ ಸ್ನ್ಯಾಪ್ (ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಡುವುದರಿಂದ ಶುರುವಾಗುವ ಒಂದೊಂದು ಆಟ) ಎಷ್ಟು ಎಂದು ಹುಡುಕಿ. 17 ಪಂದ್ಯಗಳ ಋತುವಿನಲ್ಲಿ ಒಂದು ತಂಡಕ್ಕೆ ಸುಮಾರು 1,000ದಿಂದ 1,150 ಅಫೆನ್ಸ್ ಸ್ನ್ಯಾಪ್ ಬರುತ್ತವೆ. ಪೂರ್ಣಾವಧಿ ಆಟಗಾರನ ಲೆಕ್ಕ ಅದರ ಹತ್ತಿರ ಇರಬೇಕು. 400 ಇದ್ದರೆ ಅವನು ಬದಲಿ ಆಟಗಾರ, ಇಲ್ಲವೇ ಗಾಯಾಳು. ಗಾಯ ಎಲ್ಲಿಗೆ ಎಂಬುದೂ ಮುಖ್ಯ. ಮುರಿದ ಎಲುಬು ಕೂಡಿಕೊಳ್ಳುತ್ತದೆ. ಬೆನ್ನು, ಪಾದದ ನಡುಭಾಗ, ಅಕಿಲೀಸ್ ಸ್ನಾಯುರಜ್ಜುಗಳ ತೊಂದರೆ 140 ಕಿಲೋ ಭಾರದ ದೇಹದಲ್ಲಿ ಅಷ್ಟು ಸುಲಭಕ್ಕೆ ಬಿಟ್ಟುಹೋಗುವುದಿಲ್ಲ.

ಇನ್ನು ತೋಳಿನ ಉದ್ದ. ಟ್ಯಾಕಲ್‌ಗೆ 34 ಇಂಚು ಇದ್ದರೆ ಲೇಸು, 33ಕ್ಕಿಂತ ಕಡಿಮೆಯಾದರೆ ಸ್ಕೌಟ್‌ಗಳು ಹುಬ್ಬೇರಿಸುತ್ತಾರೆ. ಎದುರಾಳಿಯ ಕೈ ತನ್ನ ಎದೆ ಮುಟ್ಟುವ ಮೊದಲು ತನ್ನ ಕೈ ಅವನ ಎದೆ ಮುಟ್ಟಬೇಕು ಎನ್ನುವುದಕ್ಕೆ ಈ ಲೆಕ್ಕ. ಆದರೆ ಇದನ್ನು ಶಾಸನ ಮಾಡಿಕೊಳ್ಳುವುದು ಬೇಡ. ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನ ಜೋ ಥಾಮಸ್ ಉದ್ದ ತೋಳಿನವನೇನಲ್ಲ. 10,363 ಸ್ನ್ಯಾಪ್ ಒಂದನ್ನೂ ಬಿಡದೆ ಎಡ ಟ್ಯಾಕಲ್ ಆಡಿ 2023ರಲ್ಲಿ ಹಾಲ್ ಆಫ್ ಫೇಮ್ ಸೇರಿದ. 2025ರಲ್ಲಿ ಟ್ಯಾಕಲ್ ವಿಲ್ ಕ್ಯಾಂಪ್‌ಬೆಲ್‌ನ ತೋಳು ಕಂಬೈನ್‌ನಲ್ಲಿ (ಆಯ್ಕೆಗೆ ಮುಂಚಿನ ಅಳತೆ-ಪರೀಕ್ಷೆ) 33 ಇಂಚಿಗಿಂತ ಕಡಿಮೆ ಬಂದರೂ ನ್ಯೂ ಇಂಗ್ಲೆಂಡ್ ಅವನನ್ನು ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರ ಆಯ್ಕೆ) ನಾಲ್ಕನೆಯವನಾಗಿ ಆರಿಸಿತು. ತೋಳು ಗಿಡ್ಡವಿದ್ದವನ ಕಾಲು ಚುರುಕಾಗಿರಲೇಬೇಕು, ಅಷ್ಟೇ. 225 ಪೌಂಡ್ ಬೆಂಚ್ ಪ್ರೆಸ್ ಎಷ್ಟು ಸಲ ಎತ್ತಿದ ಎಂಬುದಕ್ಕಿಂತ ಓಟದ ಮೊದಲ 10 ಯಾರ್ಡ್‌ಗೆ ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ನಾವು ಹೆಚ್ಚು ನಂಬುತ್ತೇವೆ. 1.75 ಸೆಕೆಂಡ್ ಒಳಗಿದ್ದರೆ ಒಳ್ಳೆಯದು. 1.85 ದಾಟಿದರೆ ಜಿಗಿತ ಕಡಿಮೆ.

ಯಾವ ಪಂದ್ಯ ನೋಡಬೇಕು

ಟಿವಿ ಪ್ರಸಾರದ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ಲೈನ್‌ಮನ್ ಚೌಕಟ್ಟಿನಾಚೆ ಬೀಳುತ್ತಾನೆ. ಲೀಗ್‌ನ ಹಣ ಕಟ್ಟುವ ಸೇವೆಯಲ್ಲಿ ‘ಆಲ್-22’ (ಇಪ್ಪತ್ತೆರಡೂ ಆಟಗಾರರು ಕಾಣುವ ಟೇಪ್) ಸಿಗುತ್ತದೆ. ಅದರಲ್ಲಿ ಎಂಡ್ ಝೋನ್ ಕೋನವನ್ನೇ ಆರಿಸಿಕೊಳ್ಳಿ. ಸಾಲನ್ನು ಹಿಂದಿನಿಂದ, ತುಸು ಮೇಲಿನಿಂದ ತೋರಿಸುವ ಈ ಕೋನದಲ್ಲಿ ಕಾಲು, ಸೊಂಟ, ಕೈ ಮೂರೂ ಕಾಣುತ್ತವೆ. ಪಕ್ಕದ ಕೋನ ಬೇಕಾಗುವುದು ಅವನು ಎಷ್ಟು ತಗ್ಗಿ ನುಗ್ಗುತ್ತಾನೆ ಎಂದು ನೋಡಲು ಮಾತ್ರ. ಬೆಂಗಳೂರಿನಲ್ಲಿ ಕೂತು ನೋಡುವವರಿಗೆ ಅಮೆರಿಕದ ಭಾನುವಾರ ಮಧ್ಯಾಹ್ನ ಒಂದರ ಪಂದ್ಯ ಶುರುವಾಗುವುದೇ ರಾತ್ರಿ ಹತ್ತೂವರೆಗೆ, ನವೆಂಬರ್‌ನಿಂದಾಚೆ ಹನ್ನೊಂದೂವರೆಗೆ. ಲೈನ್‌ಮನ್‌ಗಾಗಿ ನಿದ್ದೆಗೆಡುವ ಅಗತ್ಯವಿಲ್ಲ, ಈ ಕೆಲಸ ಮರುದಿನದ ಟೇಪ್‌ನಲ್ಲೇ ಚೆನ್ನಾಗಿ ಆಗುತ್ತದೆ.

ನಾಲ್ಕು ಪಂದ್ಯ ಸಾಕು, ಆರಿಸುವುದರಲ್ಲಿ ಜಾಣತನ ಬೇಕು. ಅವನ ಎದುರಿಗೆ ಒಳ್ಳೆಯ ಪಾಸ್ ರಷರ್ (ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವನು) ಇದ್ದದ್ದು ಒಂದು. ತಂಡ ಹಿಂದೆ ಬಿದ್ದು ಪಾಸ್ ಮೇಲೆ ಪಾಸ್ ಎಸೆಯಬೇಕಾಗಿ ಬಂದದ್ದು ಒಂದು. ಓಟದ ಆಟ ಹೆಚ್ಚಿದ್ದದ್ದು ಒಂದು. ಕೊನೆಯದು ಋತುವಿನ ಅಂತ್ಯದ್ದು, ದೇಹ ಹಣ್ಣಾದಾಗ ತಂತ್ರ ಎಷ್ಟು ಉಳಿದಿರುತ್ತದೆ ಎಂದು ಅದರಲ್ಲಿ ತಿಳಿಯುತ್ತದೆ. ಹೈಲೈಟ್ ತುಣುಕುಗಳನ್ನು ಮುಟ್ಟಬೇಡಿ. ಎದುರಾಳಿಯನ್ನು ನೆಲಕ್ಕೆ ಕೆಡವಿದ ಹತ್ತು ತುಣುಕು ಯಾವ ಲೈನ್‌ಮನ್ ಬಳಿಯಾದರೂ ಇರುತ್ತವೆ.

ಪ್ರತಿ ಸ್ನ್ಯಾಪ್ ಮೂರು ಸಲ ನೋಡಿ. ಮೊದಲ ಸಲ ನಿಂತ ಭಂಗಿ, ಮೊದಲ ಎರಡು ಹೆಜ್ಜೆ. ಎರಡನೇ ಸಲ ಕೈ. ಮೂರನೇ ಸಲ ಏನಾಯಿತು, ಯಾಕಾಯಿತು. ಬರೆದುಕೊಳ್ಳುವ ಸಾಲು ಹೀಗಿರಲಿ (ಡೌನ್ ಎಂದರೆ ಹತ್ತು ಯಾರ್ಡ್ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಒಂದು, ಶಾಟ್‌ಗನ್ ಎಂದರೆ ಕ್ವಾರ್ಟರ್‌ಬ್ಯಾಕ್ ಸೆಂಟರ್‌ನಿಂದ ಕೆಲವು ಗಜ ಹಿಂದೆ ನಿಲ್ಲುವುದು): “3ನೇ ಡೌನ್, 8 ಯಾರ್ಡ್. ಶಾಟ್‌ಗನ್. ರಷರ್ ಟ್ಯಾಕಲ್‌ನ ಹೊರಭುಜಕ್ಕಿಂತ ಎರಡಡಿ ಆಚೆ. ನೆರವಿಲ್ಲ. ಎರಡು ಹೆಜ್ಜೆ ಸರಿ, ಮೂರನೆಯದರಲ್ಲಿ ಸೊಂಟ ಹೊರಗೆ ತಿರುಗಿತು. ರಷರ್ ಒಳಕ್ಕೆ ಸ್ಪಿನ್. 2.7 ಸೆಕೆಂಡಿಗೆ ಒತ್ತಡ.” ಹೀಗೆ ಬರೆದ ನಲವತ್ತೈವತ್ತು ಸಾಲು ಒಟ್ಟಾದರೆ ಅವನು ಎಲ್ಲಿ ಸೋಲುತ್ತಾನೆ ಎಂಬುದು ತಾನಾಗಿ ಎದ್ದು ಕಾಣುತ್ತದೆ.

ಇಲ್ಲೊಂದು ಜರಡಿ ಹಿಡಿಯಬೇಕು. ಸ್ಕ್ರೀನ್ ಪಾಸ್ (ಮುಂದೆ ಬ್ಲಾಕರ್‌ಗಳಿದ್ದವನಿಗೆ ಎಸೆಯುವ ಗಿಡ್ಡ ಪಾಸ್), ಪ್ಲೇ ಆ್ಯಕ್ಷನ್ (ಓಟದ ಸೋಗು ಹಾಕಿ ಎಸೆಯುವುದು), ಕ್ವಾರ್ಟರ್‌ಬ್ಯಾಕ್ ಪಕ್ಕಕ್ಕೆ ಓಡಿ ಎಸೆಯುವ ರೋಲ್‌ಔಟ್, ಎರಡು ಸೆಕೆಂಡಿನೊಳಗೆ ಚೆಂಡು ಕೈಬಿಡುವ ಪಾಸ್‌ಗಳನ್ನು ಬೇರೆ ಪಟ್ಟಿಗೆ ಹಾಕಿ. ಅವುಗಳಲ್ಲಿ ಯಾರು ನಿಂತರೂ ನಡೆಯುತ್ತದೆ. ಎದುರಾಳಿಗೆ ಪಾಸ್ ಎಂದು ಗೊತ್ತಿದ್ದು, ಲೈನ್‌ಮನ್ ನಿಜವಾಗಿ ಹಿಂದೆ ಸರಿದು ಕಾಯಬೇಕಾದ ಸ್ನ್ಯಾಪ್‌ಗಳು ಮಾತ್ರ ನಿಮ್ಮ ಸಾಕ್ಷಿ. ಬೇಗ ಚೆಂಡು ಬಿಡುವ ಕ್ವಾರ್ಟರ್‌ಬ್ಯಾಕ್‌ನ ಮುಂದೆ ನಿಂತು ಚೆನ್ನಾಗಿ ಕಂಡವನು ಚೆಂಡು ಹಿಡಿದು ಕಾಯುವವನ ಮುಂದೆ ನಿಂತಾಗ ಬಣ್ಣ ಬಯಲಾಗುವುದು ಈ ಕಾರಣಕ್ಕೇ.

ಕಾಲು, ಸೊಂಟ, ಕೈ

ಎಡ ಟ್ಯಾಕಲ್‌ನ ಎಡಗಾಲು ಹಿಂದಕ್ಕೆ, ಹೊರಕ್ಕೆ ಜಾರುತ್ತದೆ. ಅದು ಕಿಕ್ ಕಾಲು. ಬಲಗಾಲು ಪೋಸ್ಟ್ ಕಾಲು, ಒಳದಾರಿಗೆ ಕಾವಲು. ದೇಹದ ಭಾರ ಒಳಗಾಲಿನ ಕಡೆ ತುಸು ಹೆಚ್ಚಿರಬೇಕು, ಯಾಕೆಂದರೆ ಕ್ವಾರ್ಟರ್‌ಬ್ಯಾಕ್‌ಗೆ ಹತ್ತಿರದ ದಾರಿ ಒಳಗಿನದು. ಹೆಜ್ಜೆಗಳು ನೆಲಕ್ಕೆ ಅಂಟಿದಂತೆ, ಸಣ್ಣದಾಗಿ, ಒಂದೇ ಅಳತೆಯಲ್ಲಿರಬೇಕು. ಎರಡು ಹಿಮ್ಮಡಿ ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದರೆ ಆ ಕ್ಷಣದಲ್ಲಿ ಅವನನ್ನು ತಳ್ಳಿದವನೇ ಗೆದ್ದ.

ಹೊರಗಿನಿಂದ ಬರುವ ವೇಗಕ್ಕೆ ಹೆದರಿದ ಟ್ಯಾಕಲ್ ಎರಡನೇ ಹೆಜ್ಜೆಗೇ ಸೊಂಟವನ್ನು ಪೂರ್ತಿ ಹೊರಕ್ಕೆ ತಿರುಗಿಸಿಬಿಡುತ್ತಾನೆ. ‘ಗೇಟ್ ತೆರೆದ’ ಎಂದು ಕೋಚ್‌ಗಳು ಹೇಳುವುದು ಇದನ್ನೇ. ಒಮ್ಮೆ ತೆರೆದ ಗೇಟನ್ನು ರಷರ್ ಮರೆಯುವುದಿಲ್ಲ. ಮುಂದಿನ ಸಲ ಎರಡು ಹೆಜ್ಜೆ ಹೊರಗೆ ಓಡಿ ಒಳಕ್ಕೆ ಕತ್ತರಿಸುತ್ತಾನೆ. ಇದಕ್ಕೆ ವಿರುದ್ಧವಾದ ದೋಷ ಮುನ್ನುಗ್ಗುವುದು: ಮೂಗು ಕಾಲ್ಬೆರಳಿಗಿಂತ ಮುಂದೆ, ತಲೆ ತಗ್ಗು, ಕೈ ಚಾಚಿದ್ದು. ಕಬಡ್ಡಿಯಲ್ಲಿ ರೈಡರ್ ಇನ್ನೂ ಆಸೆ ತೋರಿಸುತ್ತಿರುವಾಗಲೇ ಹಾರಿದ ಕ್ಯಾಚರ್‌ಗೆ ಆಗುವ ಗತಿಯೇ ಇವನದೂ. ರಷರ್ ಆ ಕೈಯನ್ನು ಒಂದೇ ಏಟಿಗೆ ಕೆಳಗೆ ಹೊಡೆದು ಪಾರಾಗುತ್ತಾನೆ.

ಕೈ ಎಲ್ಲಿ ಕೂರುತ್ತದೆ ಎಂಬುದನ್ನು ನಿಧಾನಗತಿಯಲ್ಲಿ ನೋಡಿ. ಎದೆಯ ನಡುಭಾಗಕ್ಕೆ, ಹೆಬ್ಬೆರಳು ಮೇಲಾಗಿ, ಮೊಣಕೈ ಪಕ್ಕೆಗೆ ಹತ್ತಿರವಾಗಿ ಕೂತರೆ ಸರಿ. ಭುಜದ ಹೊರಗೆ ಕೂತರೆ ಎರಡು ನಷ್ಟ. ಎದೆ ತೆರೆದುಕೊಳ್ಳುತ್ತದೆ, ಬುಲ್ ರಷ್‌ಗೆ (ನೇರ ಎದೆಗೆ ನುಗ್ಗಿ ಹಿಂದಕ್ಕೆ ತಳ್ಳುವುದು) ಸಿಕ್ಕಿಬೀಳುತ್ತಾನೆ. ರಷರ್ ತಿರುಗಿದ ಕೂಡಲೇ ಜೆರ್ಸಿ ಎಳೆದದ್ದು ಅಂಪೈರ್ ಕಣ್ಣಿಗೆ ಬಿದ್ದು ಹತ್ತು ಯಾರ್ಡ್ ಹೋಲ್ಡಿಂಗ್ ಬೀಳುತ್ತದೆ. ಬುಲ್ ರಷ್ ಬಂದಾಗ ಹಿಂದೆ ತಳ್ಳಿಸಿಕೊಳ್ಳುವುದು ಅಪರಾಧವಲ್ಲ, ಎಲ್ಲರೂ ಒಂದೆರಡು ಗಜ ಹೋಗುತ್ತಾರೆ. ಎರಡೂ ಕಾಲನ್ನು ಸಣ್ಣ ಜಿಗಿತದಲ್ಲಿ ಹಿಂದಿಟ್ಟು, ಸೊಂಟ ತಗ್ಗಿಸಿ ಮತ್ತೆ ಬೇರೂರುತ್ತಾನೆಯೇ ಎಂದು ನೋಡಿ. ಬೆನ್ನು ಹಿಂದಕ್ಕೆ ಬಾಗಿ ಹಿಮ್ಮಡಿಯ ಮೇಲೆ ನಿಂತನೆಂದರೆ ಮುಗಿಯಿತು.

ಗಾರ್ಡ್‌ಗಳನ್ನು ನೋಡುವಾಗ ಸ್ಟಂಟ್‌ಗಳ ಮೇಲೆ ಕಣ್ಣಿಡಿ. ಎದುರಾಳಿ ಸಾಲಿನ ನಡುವಿನ ಡಿಫೆನ್ಸಿವ್ ಟ್ಯಾಕಲ್ ಹೊರಕ್ಕೆ ನುಗ್ಗಿ ದಾರಿ ಅಡ್ಡಗಟ್ಟುತ್ತಾನೆ, ಅಂಚಿನ ಎಂಡ್ ಅವನ ಹಿಂದಿನಿಂದ ಸುತ್ತಿ ಒಳಗೆ ಬರುತ್ತಾನೆ. ಇಬ್ಬರು ಬ್ಲಾಕರ್‌ಗಳು ಎದುರಾಳಿಗಳನ್ನು ಪರಸ್ಪರ ದಾಟಿಸಿಕೊಳ್ಳಬೇಕು. ಅದಾಗಬೇಕಾದರೆ ಇಬ್ಬರೂ ಹೆಚ್ಚುಕಡಿಮೆ ಒಂದೇ ಆಳದಲ್ಲಿರಬೇಕು. ಟ್ಯಾಕಲ್ ಆಳಕ್ಕೆ ಹೋಗಿ ಗಾರ್ಡ್ ಮುಂದೆ ನಿಂತಿದ್ದರೆ ನಡುವಿನ ಬಿರುಕಿನಲ್ಲಿ ಎಂಡ್ ತೂರುತ್ತಾನೆ. ಹೊಸಬನು ಬಂದ ಮೊದಲ ತಿಂಗಳಲ್ಲಿ ಅತಿಹೆಚ್ಚು ಸ್ಯಾಕ್ ಬೀಳುವ ಜಾಗ ಇದು. ಇದನ್ನು ಪ್ರತಿಭೆಯ ಕೊರತೆ ಎಂದು ಬರೆದುಕೊಳ್ಳಬೇಡಿ, ಪಕ್ಕದವನ ಪರಿಚಯ ಸಾಲದು ಎಂದು ಬರೆದುಕೊಳ್ಳಿ. ಸೆಂಟರ್ ಆದರೆ ಇದೆಲ್ಲದರ ಜೊತೆಗೆ ಶಾಟ್‌ಗನ್ ಸ್ನ್ಯಾಪ್ ಪ್ರತಿ ಸಲ ಒಂದೇ ಎತ್ತರಕ್ಕೆ ಬರುತ್ತಿದೆಯೇ ನೋಡಿ. ಮೊಣಕಾಲಿಗೊಮ್ಮೆ ಹಣೆಗೊಮ್ಮೆ ಬಂದರೆ ಕ್ವಾರ್ಟರ್‌ಬ್ಯಾಕ್‌ನ ಕಣ್ಣು ಮೈದಾನ ಬಿಟ್ಟು ಚೆಂಡಿನ ಮೇಲೇ ಉಳಿಯುತ್ತದೆ.

ಸ್ಯಾಕ್ ಯಾರ ಖಾತೆಗೆ?

ಸ್ಟಾಪ್‌ವಾಚ್ ಹಿಡಿಯಿರಿ. ಸ್ನ್ಯಾಪ್‌ನಿಂದ 2.5 ಸೆಕೆಂಡಿನೊಳಗೆ ರಷರ್ ದಾಟಿಬಂದರೆ ಬ್ಲಾಕರ್‌ನ ಸೋಲು. ಇಎಸ್‌ಪಿಎನ್‌ನ ‘ಪಾಸ್ ಬ್ಲಾಕ್ ವಿನ್ ರೇಟ್’ ಲೆಕ್ಕದ ಗಡಿಯೂ 2.5 ಸೆಕೆಂಡೇ. ಮೂರೂವರೆ ಸೆಕೆಂಡ್ ಕಳೆದ ಮೇಲೆ ಬಿದ್ದ ಸ್ಯಾಕ್ ಬಹುತೇಕ ಕ್ವಾರ್ಟರ್‌ಬ್ಯಾಕ್‌ನದು. ಆಳವನ್ನೂ ನೋಡಿ. ಟ್ಯಾಕಲ್ ತನ್ನ ರಷರನ್ನು ಕ್ವಾರ್ಟರ್‌ಬ್ಯಾಕ್‌ನ ಬೆನ್ನ ಹಿಂದಕ್ಕೆ ದಾಟಿಸಲು ದೂಡುತ್ತಿರುತ್ತಾನೆ. ಏಳೆಂಟು ಯಾರ್ಡ್‌ನಲ್ಲಿ ನಿಂತು ಮುಂದೆ ಬರಬೇಕಾದ ಕ್ವಾರ್ಟರ್‌ಬ್ಯಾಕ್ ಹನ್ನೊಂದಕ್ಕೆ ಜಾರಿದರೆ ನೇರ ಆ ರಷರ್‌ನ ತೆಕ್ಕೆಗೇ ಹೋಗಿ ಬೀಳುತ್ತಾನೆ. ಇಡೀ ಸಾಲು ಒಂದು ಕಡೆ ಸರಿದು ಇನ್ನೊಂದು ಕಡೆಯನ್ನು ರನ್ನಿಂಗ್ ಬ್ಯಾಕ್‌ಗೆ ಬಿಟ್ಟಿದ್ದಾಗ ಆ ಕಡೆಯಿಂದ ಯಾರೂ ತಡೆಯದೆ ಬಂದವನು ರನ್ನಿಂಗ್ ಬ್ಯಾಕ್‌ನ ಲೆಕ್ಕ.

ಡ್ಯಾನ್ ಮೋರ್ ಜೂನಿಯರ್ ಇದಕ್ಕೆ ಒಳ್ಳೆಯ ಉದಾಹರಣೆ. 2024ರಲ್ಲಿ ಪಿಟ್ಸ್‌ಬರ್ಗ್‌ನ ಎಡ ಟ್ಯಾಕಲ್ ಆಗಿ ಅವನು ಆಟದ ಅಂಕಿಅಂಶ ಸಂಸ್ಥೆ ಪಿಎಫ್‌ಎಫ್‌ನ ಲೆಕ್ಕದಲ್ಲಿ 12 ಸ್ಯಾಕ್ ಬಿಟ್ಟುಕೊಟ್ಟ. ಆದರೂ ಟೆನೆಸ್ಸೀ ಟೈಟನ್ಸ್ 2025ರಲ್ಲಿ ನಾಲ್ಕು ವರ್ಷಕ್ಕೆ 8.2 ಕೋಟಿ ಡಾಲರ್ ಕೊಟ್ಟಿತು. ಆ ವರ್ಷ ಪಿಟ್ಸ್‌ಬರ್ಗ್‌ನಲ್ಲಿ ಆಡಿದ ಜಸ್ಟಿನ್ ಫೀಲ್ಡ್ಸ್, ರಸೆಲ್ ವಿಲ್ಸನ್ ಇಬ್ಬರೂ ಚೆಂಡನ್ನು ಹೆಚ್ಚು ಹೊತ್ತು ಹಿಡಿದಿಡುವವರು. ಹಾಗೆಂದು ಹನ್ನೆರಡೂ ಅವರ ತಪ್ಪಲ್ಲ. ಹನ್ನೆರಡನ್ನೂ ಒಂದೊಂದಾಗಿ ತೆಗೆದು, ಗಡಿಯಾರ ಹಿಡಿದು, ಯಾವುದು ಯಾರದೆಂದು ಹಂಚಿದ ಮೇಲಷ್ಟೇ 12 ಎಂಬ ಸಂಖ್ಯೆಗೆ ಅರ್ಥ ಬರುತ್ತದೆ. ಸ್ಯಾಕ್‌ಗಿಂತ ಒತ್ತಡಗಳ ಎಣಿಕೆ ಹೆಚ್ಚು ನಂಬಿಕಸ್ಥ, ಯಾಕೆಂದರೆ ಅವು ಸಂಖ್ಯೆಯಲ್ಲಿ ಹೆಚ್ಚು.

ಓಟದ ಆಟಕ್ಕೆ ಹೊಂದುತ್ತಾನೆಯೇ

ಹೊಸ ತಂಡ ಔಟ್‌ಸೈಡ್ ಝೋನ್ ಓಡುವುದೋ, ಪವರ್–ಕೌಂಟರ್ ಓಡುವುದೋ? ಝೋನ್‌ನಲ್ಲಿ ಲೈನ್‌ಮನ್ ಪಕ್ಕಕ್ಕೆ ಓಡುತ್ತಾ ಎದುರಾಳಿಯ ಹೊರಭುಜ ಹಿಡಿಯಬೇಕು, ಆಮೇಲೆ ಎದುರಾಳಿಯ ಎರಡನೇ ಸಾಲಿನ ಲೈನ್‌ಬ್ಯಾಕರ್‌ವರೆಗೆ ಹೋಗಬೇಕು. 300 ಪೌಂಡ್ ಆಸುಪಾಸಿನ ಚುರುಕು ದೇಹ ಇದಕ್ಕೆ ಸರಿ. ಪವರ್–ಕೌಂಟರ್‌ನಲ್ಲಿ ಪಕ್ಕದವನನ್ನು ಒಳಕ್ಕೆ ಅದುಮಿ ಗೋಡೆ ಕಟ್ಟಬೇಕು, ಒಬ್ಬ ಗಾರ್ಡ್ ಸುತ್ತಿ ಬಂದು ಎದುರಾದವನನ್ನು ಒದ್ದೋಡಿಸಬೇಕು. 325 ಪೌಂಡ್ ಇದ್ದರೂ ಭಾರವಾಗದು. ಒಂದಕ್ಕೆ ಪಳಗಿದವನನ್ನು ಇನ್ನೊಂದಕ್ಕೆ ತಂದರೆ ಏನಾಗುತ್ತದೆಂದು ಟೇಪ್‌ನಲ್ಲೇ ಊಹಿಸಬಹುದು: ಹಳೆಯ ತಂಡವೂ ಅಪರೂಪಕ್ಕೆ ಆ ಆಟ ಆಡಿರುತ್ತದೆ, ಆ ಹತ್ತಿಪ್ಪತ್ತು ಸ್ನ್ಯಾಪ್ ಹುಡುಕಿ ತೆಗೆಯಿರಿ.

ನೋಡಬೇಕಾದದ್ದು ಇಷ್ಟು. ಡಿಕ್ಕಿಯಾಗುವ ಮೊದಲು ಎರಡನೇ ಹೆಜ್ಜೆ ನೆಲದಲ್ಲಿದೆಯೇ? ಗಾಳಿಯಲ್ಲಿದ್ದರೆ ಬಲವೇ ಹುಟ್ಟುವುದಿಲ್ಲ. ಇಬ್ಬರು ಸೇರಿ ಒಬ್ಬನನ್ನು ತಳ್ಳುವಾಗ ಲೈನ್‌ಬ್ಯಾಕರ್ ಕಡೆ ಬಿಡುವ ಗಳಿಗೆ ಸರಿಯಿದೆಯೇ? ಬೇಗ ಬಿಟ್ಟರೆ ಮೊದಲಿನವನು ಒಳನುಗ್ಗುತ್ತಾನೆ, ತಡವಾದರೆ ಲೈನ್‌ಬ್ಯಾಕರ್ ದಾಟಿರುತ್ತಾನೆ. ಮತ್ತೊಂದು ಸರಳ ಎಣಿಕೆ: ಪಂದ್ಯದಲ್ಲಿ ಅವನು ಎಷ್ಟು ಸಲ ನೆಲದ ಮೇಲಿದ್ದ? ಪದೇ ಪದೇ ಬೀಳುವವನ ಸಮತೋಲ ಹೊಸ ಊರಿಗೆ ಹೋದ ಮಾತ್ರಕ್ಕೆ ಸರಿಯಾಗುವುದಿಲ್ಲ.

ಜಾಗ ಬದಲು, ಫ್ಲ್ಯಾಗ್

ಎಡದಿಂದ ಬಲಕ್ಕೆ ಬಂದವನಿಗೆ ಕಿಕ್ ಕಾಲು, ಪೋಸ್ಟ್ ಕಾಲು ಅದಲುಬದಲಾಗುತ್ತವೆ. ವರ್ಷಗಟ್ಟಲೆ ಒಂದು ಕಾಲಿನಿಂದ ತಳ್ಳಿದ ದೇಹಕ್ಕೆ ಇದು ಸಣ್ಣ ಮಾತಲ್ಲ. ಗಾರ್ಡ್‌ನಿಂದ ಟ್ಯಾಕಲ್‌ಗೆ ಹೋಗುವುದು ಇನ್ನೂ ಕಠಿಣ, ಅಲ್ಲಿ ಕಾಯಬೇಕಾದ ಬಯಲೇ ದೊಡ್ಡದು. ಜೋ ಥೂನಿ ಲೀಗ್‌ನ ಅತ್ಯುತ್ತಮ ಎಡ ಗಾರ್ಡ್‌ಗಳಲ್ಲಿ ಒಬ್ಬ. 2021ರಲ್ಲಿ ಕ್ಯಾನ್ಸಸ್ ಸಿಟಿ ಐದು ವರ್ಷಕ್ಕೆ 8 ಕೋಟಿ ಡಾಲರ್ ಕೊಟ್ಟು ತಂದದ್ದು ಸಾರ್ಥಕವಾದ ಸಹಿ. 2024ರ ಋತುವಿನ ಕೊನೆಗೆ ಬೇರೆ ದಾರಿ ಕಾಣದೆ ಅವನನ್ನು ಎಡ ಟ್ಯಾಕಲ್‌ಗೆ ಸರಿಸಿದರು. ಕೆಲವು ವಾರ ನಡೆಯಿತು. 2025ರ ಫೆಬ್ರುವರಿ 9ರ ಸೂಪರ್ ಬೌಲ್‌ನಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಬ್ಲಿಟ್ಜ್ (ಹೆಚ್ಚುವರಿ ಆಟಗಾರರನ್ನು ನುಗ್ಗಿಸುವುದು) ಮಾಡುವ ಗೊಡವೆಗೇ ಹೋಗದೆ ಮುಂದಿನ ನಾಲ್ವರಿಂದಲೇ ಆ ಸಾಲನ್ನು ಒಡೆದು ಪ್ಯಾಟ್ರಿಕ್ ಮಹೋಮ್ಸ್‌ನನ್ನು ಆರು ಸಲ ಕೆಡವಿತು. ಎಲ್ಲವೂ ಥೂನಿಯ ಪಾಲಲ್ಲ. ಆದರೆ ಗಾರ್ಡ್ ಜಾಗದಲ್ಲಿ ಲೆಕ್ಕಕ್ಕೇ ಬಾರದ 32 ಇಂಚಿನ ತೋಳು ಅಂಚಿನಲ್ಲಿ ಲೆಕ್ಕಕ್ಕೆ ಬಂತು. ಮುಂದಿನ ತಿಂಗಳೇ ಅವನನ್ನು ಟ್ರೇಡ್‌ನಲ್ಲಿ ತಂದ ಬೇರ್ಸ್ ಮತ್ತೆ ಗಾರ್ಡ್ ಜಾಗದಲ್ಲೇ ನಿಲ್ಲಿಸಿತು.

ಫ್ಲ್ಯಾಗ್‌ಗಳನ್ನು (ದಂಡಗಳನ್ನು) ಎರಡು ರಾಶಿ ಮಾಡಿ. ಸ್ನ್ಯಾಪ್‌ಗೆ ಮೊದಲೇ ಕದಲುವ ಫಾಲ್ಸ್ ಸ್ಟಾರ್ಟ್ ಐದು ಯಾರ್ಡ್‌ನದು. ಗದ್ದಲದ ಮೈದಾನ, ಹೊಸ ಕೇಡೆನ್ಸ್ (ಕ್ವಾರ್ಟರ್‌ಬ್ಯಾಕ್‌ನ ಕೂಗಿನ ಲಯ) ಕಾರಣವಾಗಿದ್ದರೆ ಕಾಲಕ್ರಮದಲ್ಲಿ ತಗ್ಗುತ್ತದೆ. ಹೋಲ್ಡಿಂಗ್ ಕಾಲು ಸೋತದ್ದರ ಗುರುತು, ಅದು ಅಷ್ಟು ಬೇಗ ಹೋಗದು. 2023ರಲ್ಲಿ ಕ್ಯಾನ್ಸಸ್ ಸಿಟಿಗೆ ನಾಲ್ಕು ವರ್ಷ, 8 ಕೋಟಿ ಡಾಲರ್‌ಗೆ ಬಂದ ಬಲ ಟ್ಯಾಕಲ್ ಜವಾನ್ ಟೇಲರ್ ಮೊದಲ ಋತುವಿನಲ್ಲೇ ದಂಡದ ಪಟ್ಟಿಯಲ್ಲಿ ಮೇಲೆ ನಿಂತ. ಸಾಲಿನಿಂದ ತೀರಾ ಹಿಂದೆ ನಿಲ್ಲುತ್ತಾನೆ ಎಂಬುದು ಅವನ ಮೇಲಿನ ದೂರುಗಳಲ್ಲೊಂದು. ಲೈನ್‌ಮನ್‌ನ ಹೆಲ್ಮೆಟ್ ಸೆಂಟರ್‌ನ ಸೊಂಟಪಟ್ಟಿಯ ರೇಖೆಯನ್ನು ದಾಟಿರಬೇಕು ಎಂಬುದು ನಿಯಮ. ಪಕ್ಕದ ಕೋನದ ಟೇಪ್ ನಿಲ್ಲಿಸಿ ಒಂದು ಗೆರೆ ಎಳೆದು ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಸಹಿಯಾದ ಮೇಲೆ

ಮೇ–ಜೂನ್‌ನ ಅಭ್ಯಾಸದಲ್ಲಿ ಪ್ಯಾಡ್ ಇಲ್ಲ, ಡಿಕ್ಕಿ ಇಲ್ಲ. ಅಲ್ಲಿಂದ ಬರುವ ‘ಚೆನ್ನಾಗಿ ಕಾಣುತ್ತಿದ್ದಾನೆ’ ವರದಿಗೆ ಬೆಲೆಯಿಲ್ಲ. ಯಾವ ಜಾಗದಲ್ಲಿ ನಿಲ್ಲಿಸಿದರು ಎಂಬುದಷ್ಟೇ ಸುದ್ದಿ. ಜುಲೈ ಕೊನೆಯ ಕ್ಯಾಂಪ್‌ನಲ್ಲಿ ಪ್ಯಾಡ್ ಹಾಕಿದ ಮೇಲೆ ಒನ್-ಆನ್-ಒನ್ ಅಭ್ಯಾಸದ ವಿಡಿಯೋಗಳು ಹರಿದಾಡುತ್ತವೆ. ಪಕ್ಕದಲ್ಲಿ ಗಾರ್ಡ್ ಇಲ್ಲ, ಓಟದ ಭಯವಿಲ್ಲ, ರಷರ್‌ಗೆ ಬೇಕಾದಷ್ಟು ಬಯಲು. ಆ ಆಟವೇ ರಷರ್ ಪರ. ಅಲ್ಲಿ ಅರ್ಧ ಗೆದ್ದರೂ ಚಿಂತೆಯಿಲ್ಲ. ಹತ್ತು ಸಲದಲ್ಲಿ ಆರು ಸಲ ಒಂದೇ ರೀತಿಯಲ್ಲಿ ಸೋತರೆ ಮಾತ್ರ ಬರೆದಿಟ್ಟುಕೊಳ್ಳಿ.

ವಯಸ್ಸು ಕಡಿಮೆಯಿದ್ದು ಕೋಚ್ ಒಳ್ಳೆಯವನಾದರೆ ಅವಸರ ಬೇಡ. ಆಸ್ಟ್ರೇಲಿಯಾದ ರಗ್ಬಿ ಲೀಗ್‌ನಿಂದ ಬಂದ ಜೋರ್ಡನ್ ಮೈಲಾಟಾನನ್ನು ಈಗಲ್ಸ್ 2018ರಲ್ಲಿ ಡ್ರಾಫ್ಟ್‌ನ ಏಳನೇ ಸುತ್ತಿನಲ್ಲಿ ಆರಿಸಿತು. ಲೈನ್ ಕೋಚ್ ಜೆಫ್ ಸ್ಟೌಟ್‌ಲ್ಯಾಂಡ್ ಕೈಯಲ್ಲಿ ಪಳಗಿ ಅವನು ಮೈದಾನಕ್ಕಿಳಿದದ್ದು 2020ರಲ್ಲಿ. ಮೂವತ್ತೊಂದರ ಹರೆಯದಲ್ಲಿ ಮೂರನೇ ತಂಡಕ್ಕೆ ಬಂದವನಿಗೆ ಆ ರಿಯಾಯಿತಿ ಇಲ್ಲ.

ಋತು ಶುರುವಾದ ಮೇಲೆ ಆಟಗಾರನಿಗಿಂತ ಕೋಚ್‌ಗಳನ್ನು ಗಮನಿಸಿ. ಮೂರನೇ ಡೌನ್‌ನಲ್ಲಿ ಟೈಟ್ ಎಂಡನ್ನು (ಸಾಲಿನ ಅಂಚಿನಲ್ಲಿ ನಿಂತು ಬ್ಲಾಕ್ ಕೂಡ ಮಾಡುವ ರಿಸೀವರ್) ಅವನ ಪಕ್ಕಕ್ಕೇ ತಂದು ನಿಲ್ಲಿಸುತ್ತಾರೆಯೇ? ರನ್ನಿಂಗ್ ಬ್ಯಾಕ್ ಪಾಸ್‌ಗೆ ಓಡುವ ಮೊದಲು ಅವನ ರಷರ್‌ಗೆ ಭುಜ ತಾಗಿಸಿ ಹೋಗುತ್ತಾನೆಯೇ? ಸೆಂಟರ್ ಯಾವಾಗಲೂ ಅವನ ಕಡೆಗೇ ಸರಿಯುತ್ತಾನೆಯೇ? ಪತ್ರಿಕಾಗೋಷ್ಠಿಯಲ್ಲಿ ಏನೇ ಹೇಳಲಿ, ತಂಡದ ನಿಜವಾದ ಅಭಿಪ್ರಾಯ ಇಲ್ಲಿದೆ. ಪಾಸ್ ಸ್ನ್ಯಾಪ್‌ಗಳಲ್ಲಿ ನೆರವು ಸಿಕ್ಕವು ಶೇಕಡಾ ಎಷ್ಟು ಎಂದು ಮೊದಲ ಪಂದ್ಯದಿಂದಲೇ ಬರೆದುಕೊಳ್ಳುತ್ತಾ ಬನ್ನಿ. ಆರನೇ ಪಂದ್ಯದ ಹೊತ್ತಿಗೆ ಆ ಸಂಖ್ಯೆ ಇಳಿಯುತ್ತಿದ್ದು, ಒತ್ತಡಗಳು ಹೆಚ್ಚದೆ ಇದ್ದರೆ ಸಹಿ ಫಲಿಸುತ್ತಿದೆ. ನೆರವೂ ಏರುತ್ತಿದೆ, ಒತ್ತಡವೂ ಏರುತ್ತಿದೆ ಎಂದಾದರೆ ಅವನ ಒಪ್ಪಂದದಲ್ಲಿ ಗ್ಯಾರಂಟಿ ಯಾವ ವರ್ಷಕ್ಕೆ ಮುಗಿಯುತ್ತದೆ ಎಂದು ಮತ್ತೊಮ್ಮೆ ತೆಗೆದು ನೋಡಿ. ನಡುವೆ ಪಕ್ಕದ ಗಾರ್ಡ್ ಗಾಯಗೊಂಡು ಬದಲಾದರೆ ಅಲ್ಲಿಂದ ಹೊಸ ಪುಟ ಶುರುಮಾಡಿ. ಆ ಎರಡು ಲೆಕ್ಕ ಕೂಡಿಸಬೇಡಿ.